ಕ್ಯಾನಿನ ಬಾಯಿಗೆ ಕಟ್ಟಿದ ಬಟ್ಟೆ

ನೆನೆದ ಮಂಡಕ್ಕಿ ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯುತ್ತದೆ, ಹಿಂಡಬೇಕು ಆದರೆ ಮುದ್ದೆಯಾಗಬಾರದು, ಸುಮಾ ಇನ್ನೊಂದು ಹಿಡಿ ತೆಗೆಯುವಷ್ಟರಲ್ಲಿ ಅತ್ತೆಯ ಕೂಗು — ಸುಮಾ, ಏ ಸುಮಾ, ಫ್ರಿಜ್ ತಣ್ಣಗೇ ಇಲ್ಲಲ್ಲ, ಏನಾತೇ ಇದಕ್ಕೆ — ಹಿಡಿ ಬಿಗಿಯಾಯಿತು, ಮಂಡಕ್ಕಿ ಮುದ್ದೆಯಾಯಿತು. ಇವತ್ತೇ ಅತ್ತೆ ಬಸವಣ್ಣೆಮ್ಮನವರಿಗೆ ಇಷ್ಟು ಬೇಗ ಎಚ್ಚರವಾಗಬೇಕೆ, ಅವರು ಪೂಜೆಗೆ ಕೂತಾಗ ನಿನ್ನೆ ತುರುಕಿದ ಆ ಬಟ್ಟೆಯನ್ನು ಸದ್ದಿಲ್ಲದೆ ಎಳೆದುಕೊಳ್ಳಬೇಕು ಅಂದುಕೊಂಡಿದ್ದಳು, ಈಗ ಅದು ಅಲ್ಲೇ ಇದೆ, ಫ್ರಿಜ್ಜಿನ ಹಿಂಗೋಡೆಯಲ್ಲಿ ತಣ್ಣನೆ ಗಾಳಿ ಬರುವ ಕಿಂಡಿಯೊಳಗೆ, ಅದಕ್ಕೆ ಅಡ್ಡಲಾಗಿ ಗಿಣ್ಣುಹಾಲಿನ ಕ್ಯಾನು. ಇರಲಿ, ಕ್ಯಾನು ಅಲ್ಲಾಡುವ ತನಕ ಯಾರಿಗೂ ಕಾಣದು. ಮಧ್ಯಾಹ್ನ ಹರಿಹರದಿಂದ ನಾದಿನಿ ವಾಣಿ ಬರುತ್ತಾಳೆ, ತುಂಬಿದ ಬಸುರಿ, ಗಿಣ್ಣು ತಿನ್ನುವ ಬಯಕೆ, ಅದಕ್ಕೇ ಅತ್ತೆ ತಾವೇ ಕೊಕ್ಕನೂರಿಗೆ ಫೋನು ಹಚ್ಚಿದ್ದರು, ಸುಮಾಳ ತಮ್ಮನಿಗೆ — ನಿಂಗರಾಜಪ್ಪ, ನಿಮ್ಮ ಹಸ ಕರ ಹಾಕೈತಂತಲ್ಲಪ್ಪ, ನಮ್ಮ ವಾಣಿಗೆ ಒಂದೀಟು ಗಿಣ್ಣುಹಾಲು ತಂದುಕೊಡಪ್ಪ. ಅಪ್ಪ ಅಂತೆ, ಅವತ್ತು ಎಲ್ಲಿ ಹೋಗಿತ್ತು ಈ ಅಪ್ಪ, ಅವತ್ತು ಸಹನಾ ಹೊಟ್ಟೆಯಲ್ಲಿದ್ದಳು, ಸುಮಾಳ ನಾಲಿಗೆಗೂ ಅದೇ ಬಯಕೆ, ಅವ್ವ ಮರಿಯವ್ವ ಇಂಥದೇ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಹರಿಹರದಲ್ಲಿ ಬಸ್ಸು ಬದಲಿಸಿ ಸರಸ್ವತಿ ನಗರದ ಈ ಬಾಗಿಲಿಗೆ ಬಂದಿದ್ದಳು, ಕ್ಯಾನಿನ ಬಾಯಿಗೆ ತನ್ನದೇ ಹಸಿರು ಸೀರೆಯ ತುಂಡು ಕಟ್ಟಿಕೊಂಡು. ಅತ್ತೆ ಅಂದಿದ್ದರು, ಯಾರ ಕೈಯಾಗೆ ಹಿಂಡಿದ್ದೋ ಏನೋ, ನಮ್ಮ ಫ್ರಿಜ್‌ನಾಗೆ ಬ್ಯಾಡ, ಅಲ್ಲೇ ಹಿತ್ತಲಾಗೆ ಇಡ್ರಿ, ನಾಳೆ ನೋಡಿದ್ರಾತು. ಸುಡುಸುಡು ಬೇಸಿಗೆ. ಬೆಳಿಗ್ಗೆ ಹಾಲು ಕೆಟ್ಟಿತ್ತು. ಅವ್ವನ ಕಣ್ಣೆದುರೇ ಅತ್ತೆ ಅದನ್ನು ಬಚ್ಚಲಿಗೆ ಸುರಿದರು, ಹಳದಿ ಹಾಲು ಕಲ್ಲಿನ ಮೇಲೆ ಇಳಿದು, ಮೋರಿಯ ಬಾಯಲ್ಲಿ ಒಂದು ಸುತ್ತು ಸುತ್ತಿ ಹೋಯಿತು, ಅವ್ವ ಬಗ್ಗಿ ಆ ಹಸಿರು ಬಟ್ಟೆ ಎತ್ತಿ ಹಿಂಡಿದಳು, ಇರ್ಲಿ ಬಿಡವ್ವ, ಮುಂದಿನ ಸಲ ಕರ ಹಾಕಿದಾಗ ತರ್ತೀನಿ. ಮುಂದಿನ ಸಲಕ್ಕೆ ಹಸು ಇತ್ತು, ಅವ್ವ ಇರಲಿಲ್ಲ. ಬಟ್ಟೆ ಸುಮಾಳ ಸೀರೆಗಳ ಅಡಿಯಲ್ಲಿ ಉಳಿದಿತ್ತು, ನಿನ್ನೆ ಸಂಜೆಯ ತನಕ.

ಗಂಡ ಸಂತೋಷ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ, ಫೋನಿನಲ್ಲಿ ರಿಪೇರಿಯ ಇಮ್ರಾನ್ ಜೋರುದನಿಯಲ್ಲಿ, ಪಕ್ಕದಲ್ಲಿ ಟಾರ್ಚು ಹಿಡಿದ ಸಹನಾ, ನಿನ್ನೆ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದವಳು, ರಾತ್ರಿ ತುತ್ತು ಕೊಡುವಾಗ ಕೇಳಲಿಲ್ಲ, ಬೆಳಿಗ್ಗೆ ಜಡೆ ಹಾಕುವಾಗಲೂ ಕೇಳಲಿಲ್ಲ, ಇರುವೆ ಯಾಕ ಸಾಲಾಗಿ ಹೋಗ್ತಾವೆ ಅಂತ ಕೇಳುವ ಮಗು. ಒಳಗೆ ಲೈಟ್ ಹತ್ತೈತೇನ್ರಿ ಅಣ್ಣಾ. ಹತ್ತೈತಪ್ಪ. ಮೋಟರ್ ಸದ್ದು ಬರ್ತೈತೇನ್ರಿ. ನಮ್ಮವ್ವಗಿಂತ ಜಾಸ್ತಿ ಬರ್ತೈತೆ. ಸುಮ್ಕಿರೋ ಬಾಡ್ಯಾ, ಮೊದ್ಲು ಅದನ್ನ ನೋಡು, ಅತ್ತೆ ಗದರಿದರು. ಬಾಗಿಲ ರಬ್ಬರ್ ನೋಡ್ರಿ, ಒಂದು ಪೇಪರ್ ಸಿಗಿಸಿ ಎಳೀರಿ. ಗಟ್ಟಿ ಹಿಡೀತೈತೆ. ಎಳೆಯಲಿ, ಎಲ್ಲ ಎಳೆದು ನೋಡಲಿ, ಸುಮಾ ಈರುಳ್ಳಿ ಹೆಚ್ಚುತ್ತಾಳೆ, ಸಣ್ಣಗೆ, ಇನ್ನೂ ಸಣ್ಣಗೆ, ಅತ್ತೆಗೆ ಹಾಗೇ ಬೇಕು, ಇಷ್ಟು ವರ್ಷ ಹಾಗೇ ಹೆಚ್ಚಿದ್ದಾಳೆ, ಒಂದು ದಿನವೂ ದನಿ ಎತ್ತಿಲ್ಲ, ಸೊಸೆ ಅಂದ್ರ ಹಿಂಗಿರಬೇಕು ನೋಡ್ರಿ ಎಂದು ಪಕ್ಕದ ಮನೆ ಪ್ರೇಮಲತಾಗೆ ಅತ್ತೆಯೇ ಹೇಳಿದ್ದಾರೆ. ಮ್ಯಾಲಿನ ಫ್ರೀಜರ್ ಹೆಂಗೈತೆ. ಐಸ್ ಕಟ್ಟೈತಪ್ಪ. ಹಂಗಾದ್ರ ಗಾಳಿ ಕೆಳಗೆ ಇಳೀತಿಲ್ರಿ, ಹಿಂದಿನ ಕಿಂಡಿಗೆ ಏನಾರ ಅಡ್ಡ ಐತೇನು ನೋಡ್ರಿ. ಹಾಲಿನ ಕ್ಯಾನ್ ಐತೆ. ತೆಗೀರಿ ಮೊದ್ಲು — ಚಾಕು ನಿಂತಿತು. ಅತ್ತೆ ಕ್ಯಾನು ಈಸಿಕೊಂಡು ಮುಚ್ಚಳ ತೆಗೆದರು, ಹುಳಿವಾಸನೆ ಒಲೆಯ ತನಕ ಬಂತು, ಅಯ್ಯೋ ಶಿವನೇ, ಎಲ್ಲಾ ಕೆಟ್ಟೋಗೈತಲ್ಲೋ, ನನ್ನ ಮಗಳು ಆಸೆ ಪಟ್ಟು ಬರ್ತಾಳೆ, ಏನ್ ಕೊಡ್ಲಿ ನಾನು ಆಕೆಗೆ. ಏನ್ ಕೊಡ್ಲಿ. ಇಂಥದೇ ಮಾತನ್ನು ಅವ್ವ ಬಸ್ಸಿಗೆ ಕಾಯುತ್ತ ಅಂದಿದ್ದಳು, ಬರಿಗೈಯಲ್ಲಿ ಹೊಂಟೆ, ಏನೂ ಕೊಡಲಿಲ್ಲ ನಿನಗೆ ಅಂತ. ನಡೀರಿ ಅತ್ತೆ, ಸುಮಾ ಮನಸ್ಸಿನಲ್ಲೇ ಅಂದಳು, ಬಚ್ಚಲು ಅಲ್ಲೇ ಐತೆ, ನಿಮ್ಮ ಕೈಯಿಂದಲೇ ಸುರೀರಿ, ನಿಮಗೆ ಅಭ್ಯಾಸ ಐತೆ, ನಾನು ಇಲ್ಲೇ ನಿಂತು ನೋಡ್ತೀನಿ, ಅವ್ವ ನಿಂತಿದ್ದ ಜಾಗದಲ್ಲೇ. ಅತ್ತೆ ಬಗ್ಗಿದರು. ಬಚ್ಚಲಲ್ಲಿ ಕ್ಯಾನು ಓರೆ ಮಾಡಿದರು. ಹಳದಿ ಹಾಲು ಕಲ್ಲಿನ ಮೇಲೆ ಇಳಿಯಿತು, ಎಷ್ಟು ದಿನದಿಂದ ಕಾದಿದ್ದು ಇದಕ್ಕೇ, ಇಳಿಯಲಿ, ಕೆನೆ ಕಟ್ಟಿದ ದಪ್ಪ ಹಾಲು, ಕೊಕ್ಕನೂರಿನ ಕೊಟ್ಟಿಗೆಯ ಹಾಲು, ಅವ್ವ ಹೆಸರಿಟ್ಟು ಮೈ ತೊಳೆಯುತ್ತಿದ್ದ ಹಸುವಿನದೇ ಕರು ಈಗ ಹಸುವಾಗಿ ಕೊಟ್ಟ ಹಾಲು — ಯಾರ ಹಾಲು ಇದು, ಯಾರದು ಸುರಿಯುತ್ತಿರುವುದು, ಅವ್ವಾ, ಇದೂ ನಿನ್ನದೇ, ಎರಡನೇ ಸಲ, ಈ ಸಲ ನನ್ನಿಂದ — ಮೋರಿಯ ಬಾಯಲ್ಲಿ ಹಳದಿ ಹಾಲು ಒಂದು ಸುತ್ತು ಸುತ್ತಿತು, ಹಿಂದೆ ಟಾರ್ಚಿನ ಬೆಳಕು ಫ್ರಿಜ್ಜಿನೊಳಗೆ ಹೋಗಿ ನಿಂತಿತು, ಹಸಿರಿನ ಮೇಲೆ, ಹಳದಿ, ಹಸಿರು, ಹಳದಿ —

ಅಮ್ಮಾ, ಕೊಕ್ಕನೂರು ಅಜ್ಜಿ ಬಟ್ಟೇನ ನೀನ್ಯಾಕ ಇದ್ರೊಳಗೆ ತುರುಕಿದ್ದಿ?