ಎಲ್ಲವ್ವನಿಗಾಗಿ ಒಂದು ಯುದ್ಧ

ಎಲ್ವೀನಾ ಎಂಬ ರಾಜಕುಮಾರಿಯನ್ನು ಉತ್ತರ ದೇಶದ ಮುದಿ ರಾಜನಿಗೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ತಿಳವಳ್ಳಿಯ ಮಲ್ಲೇಶಪ್ಪನ ಮನೆಯ ಪಡಸಾಲೆಯಲ್ಲಿ ಹೋದ ವಾರದಿಂದ ಇತ್ಯರ್ಥವಾಗದೆ ಬಿದ್ದಿತ್ತು. ಮಲ್ಲೇಶಪ್ಪ ಪಾಪ, ಭತ್ತ, ಗೋವಿನಜೋಳ ಬಿಟ್ಟು ಬೇರೆ ರಾಜ್ಯಭಾರ ಕಂಡವನಲ್ಲ. ಈ ಉಸಾಬರಿ ಹಚ್ಚಿಕೊಂಡವನು ಅವನ ಮಗ ಹಾಲೇಶ.

ಹಾಲೇಶನದು ಗೋವಿನಜೋಳದ ರಾಶಿ ಮಾಡುವ ಮಷೀನು. ಸುಗ್ಗಿ ಬಂತೆಂದರೆ ಸುತ್ತಲ ಹಳ್ಳಿಯವರು ಫೋನಿನ ಮೇಲೆ ಫೋನು ಮಾಡುತ್ತಾರೆ. ಊರ ಮಂದಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುತ್ತೇನೆ ಎಂದು ಹೇಳಿ ಅವನು ಒಂದು ದೊಡ್ಡ ಕಂಪ್ಯೂಟರ್ ತಂದು ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿದ್ದ. ಅದರಿಂದ ಈವರೆಗೆ ಹೋದದ್ದು ಒಂದೇ ಅರ್ಜಿ. ಅದು ತಂಗಿ ಸಂಘಮಿತ್ರಾ ಧಾರವಾಡದ ಎಂ.ಎಸ್ಸಿ. ಸೀಟಿಗಾಗಿ ಹಾಕಿದ್ದು, ಅದನ್ನೂ ಅಣ್ಣ ಜಳಕಕ್ಕೆ ಹೋದಾಗ ಅವಳೇ ಕೂತು ಹಾಕಿಕೊಂಡದ್ದು. ಉಳಿದ ಹೊತ್ತೆಲ್ಲ ಆ ಕಂಪ್ಯೂಟರಿನಲ್ಲಿ 'ಏಳು ಕಿರೀಟ' ಎಂಬ ಆಟ ನಡೆಯುತ್ತಿತ್ತು.

ಅಬ್ಬಾ, ಏನು ಆಟ ಅಂತೀರಿ! ಏಳು ರಾಜ್ಯಗಳು, ಬೆಂಕಿ ಉಗುಳುವ ಹಾವು, ಮಾತಾಡುವ ಮರ, ಮುಗಿಯದ ಕಾಡು. ಹೆಜ್ಜೆಹೆಜ್ಜೆಗೂ ಆಟ ನಿಂತು, 'ಈಗ ಏನು ಮಾಡುತ್ತೀ?' ಎಂದು ಕೇಳುತ್ತದೆ. ನೀನು ಹೇಳಿದ ಹಾಗೆ ಕತೆ ತಿರುಗುತ್ತದೆ. ಇಲ್ಲಿ ವೀರ ಒಬ್ಬನೇ, ಆಡುವವರು ಮೂವರು. ಹಾನಗಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟ ಕೊಟ್ರೇಶ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುವವನು. ಸವಣೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ತನ್ವೀರ ವಾರಕ್ಕೊಮ್ಮೆ ಬಸ್ಸಿಗೆ ಬರುವವನು, ಬಾರದ ದಿನ ಫೋನಿನಲ್ಲೇ ಅಭಿಪ್ರಾಯ ಕೊಡುವವನು. ಊರ ಹಿರಿಯರು ಕಟ್ಟೆಯ ಮೇಲೆ ಕೂತು ನ್ಯಾಯ ಬಗೆಹರಿಸುವ ಹಾಗೆ ಮೂವರೂ ಜಮಖಾನೆ ಹಾಸಿ ಕೂರುತ್ತಿದ್ದರು. ಮೂವರೂ ಒಪ್ಪುವ ತನಕ ಯಾರೂ ಕಂಪ್ಯೂಟರಿನ ಇಲಿ, ಅಂದರೆ ಮೌಸು, ಮುಟ್ಟುವಂತಿರಲಿಲ್ಲ. ಕುರಿ ಕಾಯುವ ಒಬ್ಬ ಮುದುಕನಿಗೆ ನಿಜ ಹೇಳಬೇಕೋ ಸುಳ್ಳು ಹೇಳಬೇಕೋ ಎಂದು ತೀರ್ಮಾನಿಸಲು ಇವರು ದೀಪಾವಳಿಯ ಇಡೀ ರಜೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಹಿರೇಬೆಂಡಿಗೇರಿಯ ರೈತರು ಬೇಸತ್ತು ಬೇರೆ ಮಷೀನು ಕರೆಸಿಕೊಂಡರು.

ಆವತ್ತು ಸಂಘಮಿತ್ರಾ ಚಹಾ ಹಿಡಿದು ಬಾಗಿಲಿಗೆ ಬಂದಾಗ ಎಲ್ವೀನಾಳ ವಿಚಾರಣೆ ನಡೆದಿತ್ತು.

"ಕೊಡೋದು ಛಲೋ," ಎಂದ ತನ್ವೀರ. "ಕೊಟ್ಟರ ಉತ್ತರದ ಸೈನ್ಯ ನಮ್ಮ ಕಡೆ ಆಗ್ತದ. ಒಂದು ಹುಡುಗಿ ಹೋದ್ರ ಹೋತು."

ಹಾಲೇಶ ಧಡಕ್ಕನೆ ಎದ್ದು ನಿಂತ. "ಏನ್ ಮಾತಾಡ್ತೀಲೇ? ಅಕಿ ಏನು ಸಂತಿಗೆ ಹೊಡಕೊಂಡು ಬಂದ ಎಮ್ಮೀನ? ಒಲ್ಲೆ ಅಂದಾಳ. ಒಲ್ಲೆ ಅಂದಮ್ಯಾಲೆ ಮುಗೀತು. ಅಕಿ ಬದುಕು ಅಕೀದು. ಬೇಕಾದ್ರ ಈ ಕ್ವಾಟಿ ಬೀಳಲಿ, ನನ್ನ ತಲಿ ಹೋಗ್ಲಿ, ನಾ ಅಕೀನ್ನ ಕೊಡಾಂಗಿಲ್ಲ!"

ತನ್ವೀರ ನಾಚಿ ತಲೆ ತಗ್ಗಿಸಿದ. ಕೊಟ್ರೇಶ ಮೂಗು ಒರೆಸಿಕೊಂಡ. ಇಲಿ ಒತ್ತಿದ್ದೇ ಯುದ್ಧ ಶುರುವಾಯಿತು, ಊರೂರು ಹತ್ತಿ ಉರಿದವು. ಎಲ್ವೀನಾ ಕುದುರೆ ಏರಿ ತನಗೆ ಬೇಕಾದ ದಾರಿ ಹಿಡಿದಾಗ ಹಾಲೇಶನ ಕಣ್ಣಲ್ಲಿ ದಳದಳ ನೀರು. ಒಳಗಿಂದ ತಾಯಿ ಅಡಿವೆವ್ವ ಇಣುಕಿ, "ಪಾಪ, ಆ ಎಲ್ಲವ್ವಗ ಹಡದವ್ವ ಇಲ್ಲೇನಪಾ?" ಎಂದು ಕೇಳಿ ತಾನೂ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಸಂಘಮಿತ್ರಾಳಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನವಾಯಿತು. ಇಂಥ ಅಣ್ಣ ಇರುವಾಗ ನನಗೇನು ಚಿಂತೆ ಎಂದುಕೊಂಡಳು.

ಚಿಂತೆ ಇತ್ತು. ಧಾರವಾಡದ ಸೀಟು ಸಿಕ್ಕಿತ್ತು, ಸೋಮವಾರ ಹೋಗಿ ಹೆಸರು ಹಚ್ಚದಿದ್ದರೆ ಕೈಬಿಡುತ್ತಿತ್ತು. ಆದರೆ ಅದರ ಹಿಂದಿನ ದಿನ, ರವಿವಾರ, ಚಿಕ್ಕೇರೂರಿನವರು ಮದುವೆ ಗಟ್ಟಿ ಮಾಡಲು ಬರುವವರಿದ್ದರು. ಹುಡುಗನಿಗೆ ಹಿರೇಕೆರೂರಿನಲ್ಲಿ ಗೊಬ್ಬರದ ಅಂಗಡಿ, ಒಳ್ಳೆಯ ಮನೆತನ. ಮಲ್ಲೇಶಪ್ಪನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಅವಳನ್ನು ಕೇಳಬೇಕು ಅನ್ನುವುದೊಂದು ಹೊಳೆದಿರಲಿಲ್ಲ, ಅಷ್ಟೇ. ಅವಳು ತಾನಾಗಿ ಬಾಯಿ ತೆರೆದಾಗ, "ಓದು ಎಲ್ಲಿಗೆ ಓಡಿ ಹೊಕ್ಕೈತವ್ವಾ, ಮದಿವಿ ಆಗಿ ಓದೀಯಂತ," ಎಂದು ತಲೆ ಸವರಿ ಹೊಲಕ್ಕೆ ಹೋಗಿಬಿಟ್ಟಿದ್ದ.

ಈ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಗಟ್ಟಿಯಾಗುವ ದಿನ ಎಲೆ ಅಡಿಕೆಯ ತಾಟು ಎತ್ತಿ ಗಂಡಿನವರ ಕೈಗೆ ಕೊಡಬೇಕಾದವನು ಹುಡುಗಿಯ ಅಣ್ಣ. ಅಪ್ಪ ಕೊಟ್ಟರೆ ನಡೆಯುವುದಿಲ್ಲ, ಸೋದರಮಾವ ಕೊಟ್ಟರೂ ನಡೆಯುವುದಿಲ್ಲ. ಅಣ್ಣ ತಾಟು ಎತ್ತಲಿಲ್ಲವೋ, ಬಂದವರು ಚಹಾ ಕುಡಿದು ಚಪ್ಪಲಿ ಮೆಟ್ಟಿಕೊಳ್ಳಬೇಕು. ಹುಡುಗಿಯನ್ನು ಒಂದು ಮಾತು ಕೇಳುವ ಪದ್ಧತಿಯನ್ನು ಮಾತ್ರ ಹಿರಿಯರು ಮಾಡಿಟ್ಟಿರಲಿಲ್ಲ. ಮರೆತಿರಬೇಕು.

ಅಂದರೆ ಸಂಘಮಿತ್ರಾಳ ಧಾರವಾಡ ಇದ್ದದ್ದು ಹಾಲೇಶನ ಎರಡು ಕೈಯಲ್ಲಿ. ಗೆಳೆಯರು ಹೋದ ಮೇಲೆ ಅವಳು ಬಂದು ಅವನ ಪಕ್ಕ ಕೂತಳು.

"ಅಣ್ಣಾ, ರವಿವಾರ ನೀ ತಾಟು ಎತ್ತಬ್ಯಾಡ. ನಾ ಓದಾಕ ಹೋಗ್ತೇನಿ."

"ಹೂಂ ಹೂಂ, ನೋಡೂಣು," ಎಂದ ಹಾಲೇಶ, ಪರದೆಯಿಂದ ಕಣ್ಣು ಕೀಳದೆ. "ಈಗ ಯುದ್ಧ ನಡದೈತಿ."

"ನೋಡೂಣು ಅಲ್ಲ. ಅಪ್ಪನ ಮುಂದ ಹೇಳಬೇಕು ನೀ."

"ಅಪ್ಪನ ಮುಂದನ?" ಈಗ ಅವನು ಅವಳ ಕಡೆ ತಿರುಗಿದ, ಹಾವು ತುಳಿದವನಂತೆ. "ನಿನಗೇನ್ ತಲಿ ಕೆಟ್ಟೈತಿ? ನಾಲ್ಕು ಮಂದಿ ಹಿರೇರ ಮುಂದ ನಾ ಹೆಂಗ ಮಾತಾಡ್ಲಿ?"

"ಅಕಿಗೋಸ್ಕರ ಯುದ್ಧಾನ ಮಾಡಾಕತ್ತೀಯಲ್ಲ!"

"ಅದು ಬ್ಯಾರೆ. ಅಲ್ಲಿ ತಪ್ಪಾದ್ರ ಹಿಂದಕ್ಕ ಹೋಗಿ ಮತ್ತ ಆರಿಸ್ಕೋಬಹುದು. ಇಲ್ಲಿ ಅಪ್ಪ ಒಮ್ಮೆ ಸಿಟ್ಟಾದ ಅಂದ್ರ ಹಿಂದಕ್ಕ ಹೋಗಾಕ ಬರ್ತದೇನು?" ಎಂದ ಹಾಲೇಶ, ಬಹಳ ವಿಚಾರವಂತನ ದನಿಯಲ್ಲಿ. "ಹಿರೇರು ಹೆಂಗ ಹೇಳ್ತಾರ ಹಂಗ ನಡೀಲಿ ತಂಗಿ. ಸ್ವಲ್ಪ ಸರಿ, ಬೆಳಕಿಗೆ ಅಡ್ಡ ಕುಂತೀದಿ."

ಸಂಘಮಿತ್ರಾ ಸರಿದಳು. ಅಳುವಿಗಿಂತ ಮೊದಲು ಸಿಟ್ಟು ಬಂದಿತ್ತು. ಆ ಎಲ್ಲವ್ವ ಯಾರು ಇವನಿಗೆ? ಇವನಿಗೆ ಒಂದು ದಿನವಾದರೂ ರೊಟ್ಟಿ ಬಡಿದು ಹಾಕಿದಳೇ? ಜ್ವರ ಬಂದಾಗ ಹಣೆಗೆ ತಣ್ಣೀರು ಪಟ್ಟಿ ಇಟ್ಟಳೇ?

ರವಿವಾರ ಮುಂಜಾನೆ ಅಡಿವೆವ್ವ ಶಿರಾಕ್ಕೆ ರವೆ ಹುರಿಯುತ್ತಿದ್ದಳು. ಮಲ್ಲೇಶಪ್ಪ ಬುದ್ಧನ ಫೋಟೋದ ಧೂಳು ಒರೆಸಿ ಜಮಖಾನೆ ಕೊಡವುತ್ತಿದ್ದ. ಹಾಲೇಶ ಜಳಕ ಮುಗಿಸಿ ಇಸ್ತ್ರಿ ಅಂಗಿ ತೊಟ್ಟು, ಬೀಗರು ಬರುವುದರೊಳಗೆ ಒಂದು ಕೋಟೆಯನ್ನಾದರೂ ಗೆದ್ದುಬಿಡೋಣವೆಂದು ಕಂಪ್ಯೂಟರ್ ಮುಂದೆ ಕೂತ. ಆಟ ತೆರೆಯಿತು. ಪರದೆಯ ಮೇಲೆ ಒಂದೇ ಒಂದು ಸಾಲಿತ್ತು: 'ಹೊಸ ಆಟ'.

ಹಳೆಯದು ಇರಲಿಲ್ಲ. ಹುಡುಕಿದ, ಮುಚ್ಚಿ ತೆರೆದ, ಕಂಪ್ಯೂಟರಿಗೆ ಎರಡು ಏಟು ಹಾಕಿದ. ಎರಡು ವರ್ಷ ಕಟ್ಟಿದ ರಾಜ್ಯ, ಗೆದ್ದ ಕತ್ತಿಗಳು, ಉಳಿಸಿದ ಎಲ್ವೀನಾ, ಎಲ್ಲ ಮಂಗಮಾಯ! "ಯವ್ವಾ!" ಎಂದು ಅವನು ಹಾಕಿದ ಕೂಗಿಗೆ ಅಡಿವೆವ್ವನ ಕೈಯಿಂದ ಸೌಟು ಜಾರಿತು.

ಸಂಘಮಿತ್ರಾ ಬಾಗಿಲಲ್ಲಿ ನಿಂತಿದ್ದಳು. ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಒಂದು ಪುಟ್ಟ ಪೆನ್‌ಡ್ರೈವ್ ಇತ್ತು.

"ಎಲ್ಲಾ ಇದರಾಗ ಐತಿ. ಕಂಪ್ಯೂಟರಿನಾಗಿಂದ ಅಳಿಸೇನಿ," ಎಂದಳು ತಣ್ಣಗೆ. "ನೀ ಇವತ್ತ ತಾಟು ಎತ್ತಿದಿ ಅಂದ್ರ ಇದು ಸೀದಾ ಒಲಿಗೆ. ಎತ್ತಲಿಲ್ಲ ಅಂದ್ರ, ನನ್ನ ತಂಗಿ ಒಲ್ಲೆ ಅಂತಾಳ ಅಂತ ಮಂದಿ ಮುಂದ ಬಾಯಿಬಿಟ್ಟು ಹೇಳಿದಿ ಅಂದ್ರ, ನಿನ್ನ ಕೈಗೆ."

"ಏ ಕತ್ತೆ, ನೀ ತಂಗ್ಯೋ ರಾಕ್ಷಸ್ಯೋ?" ಹಾಲೇಶನ ಮುಖ ಬಿಳಚಿಕೊಂಡಿತ್ತು. "ಎಲ್ವೀನಾ ಅದಾಳ ಅದರಾಗ!"

"ನಾನೂ ಅದೇನಿ ಈ ಮನ್ಯಾಗ," ಎಂದಳು ಸಂಘಮಿತ್ರಾ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು.

ಚಿಕ್ಕೇರೂರಿನವರು ಬಂದರು, ಕಾಲು ತೊಳೆದರು, ಕೂತರು. ಅವರ ಹಿರಿಯ ಬೀರಪ್ಪ ಎಂಬಾತ, ಹುಡುಗನ ದೊಡ್ಡಪ್ಪ, ತಲೆಗೆ ದೊಡ್ಡ ಪಟಗ ಸುತ್ತಿದ ನಿಧಾನಸ್ಥ. ಶಿರಾ ತಿಂದರು, ಮಳೆಯ ಮಾತಾಡಿದರು, ಗೋವಿನಜೋಳದ ಧಾರಣೆಯ ಮಾತಾಡಿದರು. ಸಂಘಮಿತ್ರಾ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮುಷ್ಟಿಯಲ್ಲಿ ಪೆನ್‌ಡ್ರೈವ್ ಇತ್ತು. ಇವನ ಬಾಯಿ ಬಿದ್ದುಹೋದರೆ ಸೋಮವಾರದ ಬಸ್ಸು ನಾನಿಲ್ಲದೆ ಧಾರವಾಡಕ್ಕೆ ಹೋಗುತ್ತದೆ ಎಂದುಕೊಳ್ಳುತ್ತಿದ್ದಳು.

"ಮತ್ತ ಇನ್ನೇನ್ರಿ, ಗಟ್ಟಿ ಮಾಡೂಣಲ್ರಿ?" ಎಂದ ಬೀರಪ್ಪ.

"ಹೂನ್ರಿ," ಎಂದ ಮಲ್ಲೇಶಪ್ಪ. "ಹಾಲೇಶಾ, ತಾಟು ಎತ್ತಪಾ."

ಹಾಲೇಶ ಎದ್ದ. ತಾಟಿನ ಹತ್ತಿರ ಹೋದ. ಕೈ ಚಾಚಿದ. ಅಪ್ಪನ ಮುಖ ನೋಡಿದ, ಕೈ ಇನ್ನೂ ಹತ್ತಿರ ಹೋಯಿತು. ಆಗ ಬಾಗಿಲ ಸಂದಿಯಲ್ಲಿ ಒಂದು ಕೈ ಒಲೆಯ ಮೇಲೆ ಪೆನ್‌ಡ್ರೈವ್ ಹಿಡಿದದ್ದು ಅವನ ಕಣ್ಣಿಗೆ ಬಿತ್ತು.

"ಎತ್ತಾಂಗಿಲ್ಲ!" ಎಂದು ಕಿರುಚಿದ ಹಾಲೇಶ.

ಮಲ್ಲೇಶಪ್ಪನ ಕಣ್ಣು ಕೆಂಪಗಾದವು. "ಏನಂದಿ?"

ಹಾಲೇಶನಿಗೆ ತನ್ನದೆಂಬ ಮಾತು ಒಂದೂ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಬಾಯಿಪಾಠವಾಗಿದ್ದದ್ದೇ. "ಅಕಿ ಏನು ಸಂತಿಗೆ ಹೊಡಕೊಂಡು ಬಂದ ಎಮ್ಮಿ ಅಲ್ರಿ! ಒಲ್ಲೆ ಅಂದಾಳ. ಒಲ್ಲೆ ಅಂದಮ್ಯಾಲೆ ಮುಗೀತು. ಅಕಿ ಓದಬೇಕು ಅಂತಾಳ, ಅಕಿ ಬದುಕು ಅಕೀದು! ಬೇಕಾದ್ರ ಈ ಕ್ವಾಟಿ ಬೀಳಲಿ..." ಬೀರಪ್ಪ ಮೇಲೆ ನೋಡಿ ತಗಡಿನ ಮಾಡು ಭದ್ರವಾಗಿದೆಯೇ ಎಂದು ಖಾತ್ರಿ ಮಾಡಿಕೊಂಡ. "...ನನ್ನ ತಲಿ ಹೋಗ್ಲಿ, ನಾ ಅಕೀನ್ನ ಕೊಡಾಂಗಿಲ್ಲ!" ಮಾತು ಮುಗಿಯುವಷ್ಟರಲ್ಲಿ ಅವನ ಕಣ್ಣಲ್ಲಿ ದಳದಳ ನೀರು ಸುರಿಯುತ್ತಿತ್ತು. ಕಣ್ಣು ಮಾತ್ರ ಒಲೆಯ ಕಡೆಯೇ ನೆಟ್ಟಿತ್ತು.

ಬೀರಪ್ಪ ಪಟಗ ಸರಿ ಮಾಡಿಕೊಂಡು ಎದ್ದು, ಹಾಲೇಶನ ಬೆನ್ನು ಚಪ್ಪರಿಸಿದ.

"ಮಲ್ಲೇಶಪ್ಪಾರ, ಸಿಟ್ಟಿಗೇಳಬ್ಯಾಡ್ರಿ. ನಮಗೂ ಹೆಣ್ಮಕ್ಕಳದಾರ. ತಂಗಿ ಸಲುವಾಗಿ ಹಿಂಗ ಕಣ್ಣೀರು ಹಾಕೋ ಅಣ್ಣನ್ನ ನಾ ಎಲ್ಲೂ ಕಂಡಿಲ್ಲರಿ. ಹುಡುಗಿ ಓದಲಿ ಬಿಡ್ರಿ," ಎಂದು ಕೈಮುಗಿದು ಹೊರಟ.

ಮಲ್ಲೇಶಪ್ಪ ಅವರನ್ನು ಜೀಪಿನ ತನಕ ಕಳಿಸಿ ಬಂದ. ಬಂದವನೇ ಮಗನ ಎರಡೂ ಭುಜ ಹಿಡಿದ. ಬಯ್ಯಲೆಂದೇ ಹಿಡಿದದ್ದು, ಆದರೆ ಬಾಯಿಂದ ಬಂದದ್ದು ಬೇರೆ. "ನನಗ ತಿಳೀಲಿಲ್ಲೋ ಮಗನಾ. ಅಕಿಗೆ ಇಷ್ಟು ಆಸೆ ಐತಿ ಅಂತ ನಿನಗ ತಿಳೀತು, ಹಡದ ಅಪ್ಪಗ ತಿಳೀಲಿಲ್ಲ," ಎಂದು ಅವನನ್ನು ತಬ್ಬಿಕೊಂಡ. "ನಾಳೆ ನಾನ ಧಾರವಾಡಕ್ಕ ಕರಕೊಂಡು ಹೊಕ್ಕೇನಿ."

ಅಡುಗೆಮನೆಯಲ್ಲಿ ಸಂಘಮಿತ್ರಾ ಒಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡಳು. ಗೆದ್ದಿದ್ದಳು! ನಾಳೆ ಧಾರವಾಡ! ಜಗತ್ತೆಲ್ಲ ಕುಣಿಯಬೇಕು ಅನ್ನಿಸಿತು. ಅಪ್ಪನ ತೋಳಿನಿಂದ ಬಿಡಿಸಿಕೊಂಡು ಹಾಲೇಶ ಒಳಗೆ ಬಂದ. ಅಣ್ಣನ ಒದ್ದೆ ಕಣ್ಣು ನೋಡಿ ಅವಳಿಗೆ ಒಂದು ಗಳಿಗೆ, ಯಾರಿಗೆ ಗೊತ್ತು, ಹೇಳುತ್ತ ಹೇಳುತ್ತ ಇವನಿಗೂ ಅದು ನಿಜ ಅನ್ನಿಸಿರಬಹುದು ಎಂದು ಆಸೆಯಾಯಿತು.

"ಅಣ್ಣಾ, ಖರೇ ಹೇಳು. ನಾ ಓದಬೇಕು ಅಂತ ನಿನಗೂ ಅನಿಸ್ತಲ್ಲ?"

"ಹಾಂ? ಹೂಂ," ಎಂದ ಹಾಲೇಶ ಕೈ ಚಾಚಿ. "ಮೊದ್ಲು ಅದನ್ನ ಕೊಡು."

ಕೊಟ್ಟಳು. ಅವನು ಓಡಿದ. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ, "ಐತಿ! ಎಲ್ಲಾ ಐತಿ! ಎಲ್ವೀನಾನೂ ಅದಾಳ!" ಎಂಬ ಕೂಗು ಕೇಳಿತು. ಸಂಘಮಿತ್ರಾ ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂದವು, ತಡೆಯಲಾಗಲಿಲ್ಲ.

ಅಡಿವೆವ್ವ ಅದನ್ನು ನೋಡಿ ಮಗಳ ಗಲ್ಲ ಹಿಡಿದಳು. "ಅಳಬ್ಯಾಡವ್ವಾ. ಇಂಥಾ ಅಣ್ಣನ್ನ ಪಡೀಬೇಕಾದ್ರ ಪುಣ್ಯ ಮಾಡಿರಬೇಕು. ಹೋಗು, ಹೋಗಿ ಅಂವನ ಕಾಲಿಗೆ ಬೀಳು."

ಬಾಗಿಲಲ್ಲಿ ಅಪ್ಪನೂ ನಿಂತು ನೋಡುತ್ತಿದ್ದ. ಸಂಘಮಿತ್ರಾ ಹೋದಳು. ಕುರ್ಚಿಯ ಹತ್ತಿರ ಬಗ್ಗಿ ಅಣ್ಣನ ಪಾದ ಮುಟ್ಟಿದಳು. ಹಾಲೇಶ ಪರದೆಯ ಮೇಲಿನ ಕಣ್ಣು ತೆಗೆಯಲಿಲ್ಲ, ಕಾಲು ಮಾತ್ರ ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

"ನೋಡ್ಕೋ ತಂಗಿ," ಎಂದ. "ಅಲ್ಲಿ ವೈರ್ ಐತಿ."