ಮುನ್ನೂರರೊಳಗಿನ ಕಪ್ಪು

ಇಮ್ತಿಯಾಝ್ ಮೂಡುಬಿದಿರೆಯ ಪ್ರೆಸ್ಸಿಗೆ ತಂದ ಪೆನ್‌ಡ್ರೈವಿನಲ್ಲಿ ಹದಿನಾರು ಪುಟಗಳ ಕ್ಯಾಟಲಾಗ್ ಇತ್ತು. ಕಪ್ಪು ಬುರ್ಖಾ, ಅದರ ಮೇಲೆ ಕಪ್ಪು ಕಸೂತಿ, ಹಿಂದೆ ಕಪ್ಪು ಪರದೆ. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಕಲ್ಲಡ್ಕದಲ್ಲಿ ಅವನ ಬುರ್ಖಾ ಅಂಗಡಿ ಶುರುವಾಗುವುದಿತ್ತು. ಅಷ್ಟರೊಳಗೆ ಸಾವಿರ ಪ್ರತಿ ಬೇಕು.

"ಶಾರ್ಜಾದಲ್ಲಿ ನನ್ನ ಭಾವ ಮಾಡಿದ ಡಿಸೈನ್," ಎಂದ. "ಏನೂ ಮುಟ್ಟಬಾರದು. ಕಪ್ಪು ಅಂದರೆ ಬಾವಿಗೆ ಬಗ್ಗಿ ನೋಡಿದ ಹಾಗೆ ಇರಬೇಕು."

ಪ್ರೆಸ್ಸಿನ ಕಂಪ್ಯೂಟರ್ ನೋಡಿಕೊಳ್ಳುವ ಮಿಸ್ರಿಯಾ ಮೊದಲ ಪುಟ ತೆರೆದು ಬುರ್ಖಾದ ಮಡಿಕೆಯ ಮೇಲೆ ಮೌಸ್ ಇಟ್ಟಳು. ಶಾಯಿಯ ಶೇಕಡಾ ಲೆಕ್ಕ ಬಂತು: ನೀಲಿ ತೊಂಬತ್ತೈದು, ಗುಲಾಬಿ ತೊಂಬತ್ತೈದು, ಹಳದಿ ತೊಂಬತ್ತೈದು, ಕಪ್ಪು ತೊಂಬತ್ತು. ಎಲ್ಲ ಸೇರಿ ಮುನ್ನೂರ ಎಪ್ಪತ್ತೈದು. ಇನ್ನೊಮ್ಮೆ ಕೂಡಿಸಿ ನೋಡಿದಳು, ಅಷ್ಟೇ ಬಂತು.

ಕಂಪ್ಯೂಟರಿನ ಪರದೆಗೆ ಕಪ್ಪೆಂದರೆ ಬೆಳಕು ಇಲ್ಲದಿರುವುದು, ಅಷ್ಟೇ. ಕಾಗದಕ್ಕೆ ಹಾಗಲ್ಲ. ನಾಲ್ಕು ಶಾಯಿ ಒಂದರ ಮೇಲೊಂದು ಕೂರಬೇಕು, ಕೂತ ಮೇಲೆ ಒಣಗಬೇಕು. ಈ ಪ್ರೆಸ್ಸಿನ ಯಂತ್ರಕ್ಕೂ ಕಾಗದಕ್ಕೂ ಒಟ್ಟು ಮುನ್ನೂರರ ತನಕ ತಾಳಿಕೆ. ಅದನ್ನು ದಾಟಿದರೆ ಶಾಯಿ ಹಸಿಯಾಗಿಯೇ ಉಳಿದು, ಮೇಲೆ ಬಂದು ಬೀಳುವ ಹಾಳೆಯ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ಅವನಿಗೆ ಹೇಳಬೇಕೆಂದು ಅವಳ ನಾಲಿಗೆ ತುದಿಗೆ ಬಂದಿತ್ತು. ಆದರೆ ಎರಡು ತಿಂಗಳ ಹಿಂದೆ ವಾಮದಪದವಿನ ಒಬ್ಬರಿಗೆ ಅವರ ಮದುವೆ ಕಾಗದದ ಬಣ್ಣದ ಬಗ್ಗೆ ಹೀಗೆಯೇ ವಿವರಿಸಲು ಹೋದಾಗ, ಅವರು ಎದ್ದು ಬಂಟ್ವಾಳದ ಪ್ರೆಸ್ಸಿಗೆ ನಡೆದಿದ್ದರು. "ಇನ್ನೊಂದು ಗಿರಾಕಿ ಹೋದರೆ ನೀನು ವಾಪಸು ಜೆರಾಕ್ಸ್ ಕೌಂಟರ್‌ಗೆ," ಎಂದಿದ್ದರು ಯಜಮಾನ ಜಯಪ್ರಕಾಶ್. ಮಿಸ್ರಿಯಾ ಬಂದದ್ದೇ ಆ ಕೌಂಟರಿನಿಂದ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ, ತೋಡಾರಿನ ಕೊನೆಯ ಬಸ್ಸಿಗೆ ಓಡಿ ಓಡಿ, ಈ ಕುರ್ಚಿಗೆ ಏರಿದ್ದಳು.

"ಕಾಕ, ಶಾಯಿ ಸ್ವಲ್ಪ ಹೆಚ್ಚಾಯಿತೋ ಏನೋ," ಎಂದಳು, ಮೆಲ್ಲಗೆ.

"ಹೆಚ್ಚಾದರೆ ಒಳ್ಳೆಯದೇ ಅಲ್ಲವಾ?"

"ಅವರು ಹೇಳಿದ ಹಾಗೆ ಮಾಡು, ಮಿಸ್ರಿಯಾ," ಎಂದು ಒಳಗಿನ ಕೋಣೆಯಿಂದ ಜಯಪ್ರಕಾಶರ ಧ್ವನಿ ಬಂತು.

ಸೋಮವಾರ ಸಂಜೆ ಮೆಷಿನ್ ಓಡಿಸುವ ಜತ್ತಪ್ಪ ಪರೀಕ್ಷೆಗೆಂದು ಮುಖಪುಟವನ್ನು ಮಾತ್ರ ಐವತ್ತು ಹಾಳೆ ತೆಗೆದ. ಹಸಿ ಇರುವಾಗ ಏನು ಹೊಳಪು! ಮಂಗಳವಾರ ಬೆಳಿಗ್ಗೆ ನೋಡಿದರೆ ಐವತ್ತೂ ಸೇರಿ ಒಂದೇ ಹಲಗೆಯಂತಾಗಿತ್ತು. ಜತ್ತಪ್ಪ ಮೇಲಿನ ಹಾಳೆಯನ್ನು ಚರ್ರನೆ ಕಿತ್ತು ತಿರುಗಿಸಿದ. ಬೆನ್ನಿನ ಮೇಲೆ ಇನ್ನೊಂದು ಬುರ್ಖಾ ಮಸಿಮಸಿಯಾಗಿ ನಿಂತಿತ್ತು.

"ಒಂದು ತೆಗೆದುಕೊಂಡರೆ ಒಂದು ಫ್ರೀ ಅಂತ ಹೇಳುವ," ಎಂದ.

"ನಗಬೇಡಿ ಜತ್ತಪ್ಪಣ್ಣ. ನನ್ನ ಕುರ್ಚಿ ಹೋಗ್ತದೆ."

ಜಯಪ್ರಕಾಶ್ ಶಾಲೆಯ ಡೈರಿ ಆರ್ಡರಿಗೆಂದು ಬೆಳ್ತಂಗಡಿಗೆ ಹೋಗಿದ್ದರು. ಫೋನು ಮಾಡಿದರೆ, "ಹಾಳೆ ಅಂಟದ ಹಾಗೆ ಪೌಡರ್ ಜಾಸ್ತಿ ಹೊಡೆಯಿರಿ. ಫೈಲ್ ಮುಟ್ಟಬೇಡ," ಎಂದು ಇಟ್ಟುಬಿಟ್ಟರು. ಜತ್ತಪ್ಪ ಪೌಡರ್ ಜಾಸ್ತಿ ಹೊಡೆದು ನಾಲ್ಕು ಹಾಳೆ ತೆಗೆದ. ಬುರ್ಖಾಗಳು ದೋಸೆ ಹಿಟ್ಟು ಚೆಲ್ಲಿದ ಹಾಗೆ ಕಂಡವು.

ಮಿಸ್ರಿಯಾ ಸ್ವಲ್ಪ ಹೊತ್ತು ಉಗುರು ಕಚ್ಚಿದಳು. ಮುಟ್ಟದಿದ್ದರೆ ಸಾವಿರ ಪ್ರತಿ ಹಾಳು, ಗಿರಾಕಿ ಹೋದ. ಮುಟ್ಟಿ ಸಿಕ್ಕಿಬಿದ್ದರೂ ಗಿರಾಕಿ ಹೋದ. ಹಾಗಾದರೆ ಕಾಗದವಾದರೂ ಒಣಗಲಿ. ಇಮ್ತಿಯಾಝ್‌ಗೆ ಫೋನು ಮಾಡಿದಳು.

"ಕಾಕ, ಕಪ್ಪು ಶಾಯಿಯನ್ನು ಇನ್ನೂ ಸ್ವಲ್ಪ ಏರಿಸಲಾ? ಪೂರ್ತಿ ನೂರಕ್ಕೆ?"

"ಇದನ್ನು ಕೇಳಲಿಕ್ಕುಂಟಾ? ಏರಿಸಿ."

ಏರಿಸಿದಳು. ತೊಂಬತ್ತಿದ್ದ ಕಪ್ಪನ್ನು ನೂರು ಮಾಡಿದಳು. ಉಳಿದ ಮೂರು ಶಾಯಿಯ ಬಗ್ಗೆ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ನೀಲಿಯನ್ನು ಅರವತ್ತೆಂಟಕ್ಕೆ, ಗುಲಾಬಿ ಹಳದಿಗಳನ್ನು ಅರವತ್ತಕ್ಕೆ ಇಳಿಸಿದಳು. ಒಂದೊಂದು ಅಂಕಿ ಇಳಿಸುವಾಗಲೂ ದೇವರ ಹೆಸರೆತ್ತಿ ಬಿಸ್ಮಿ ಹೇಳಿಕೊಂಡಳು. ಒಟ್ಟು ಇನ್ನೂರ ಎಂಬತ್ತೆಂಟು. ಫೈಲಿಗೆ 'ಇಮ್ತಿಯಾಝ್ ಇನ್ನೂ ಕಪ್ಪು' ಎಂದು ಹೆಸರಿಟ್ಟಳು.

ಗುರುವಾರ ಸಂಜೆ ಇಮ್ತಿಯಾಝ್ ತಾಯಿ ಬೀಯಮ್ಮನನ್ನೂ ಕರೆತಂದ. ಮೂವತ್ತು ವರ್ಷ ಬಂಟ್ವಾಳದ ಸುತ್ತ ಮನೆಮನೆಗೆ ಹೋಗಿ ಬುರ್ಖಾ ಬಟ್ಟೆ ಮಾರಿದ ಹೆಂಗಸು. ಆ ಹೊಸ ಫೈಲಿನಿಂದ ಅಚ್ಚಾದ ಕ್ಯಾಟಲಾಗಿನ ಕಟ್ಟುಗಳು ಮೇಜಿನ ಮೇಲಿದ್ದವು. ಜತ್ತಪ್ಪನಿಗೆ ಸುಮ್ಮನಿರಲು ಆಗಬೇಕಲ್ಲ? ಅಂಟಿಕೊಂಡಿದ್ದ ಹಳೆಯ ಮುಖಪುಟವೊಂದನ್ನು ತಂದು ಹೊಸದರ ಪಕ್ಕಕ್ಕೆ ಹಾಸಿದ.

"ಇದು ನಿಮ್ಮ ಭಾವ ಕಳಿಸಿದ ಹಾಗೆ. ಇದು ಮಿಸ್ರಿಯಾ ಕಪ್ಪು ಏರಿಸಿದ್ದು. ಯಾವುದು ಹೆಚ್ಚು ಕಪ್ಪು, ನೀವೇ ಹೇಳಿ."

ಇಮ್ತಿಯಾಝ್ ಎರಡನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಹೊಸದನ್ನು ಬೆರಳಿಂದ ತಟ್ಟಿದ.

"ಇದೇ. ಕಣ್ಣಿದ್ದವನಿಗೆ ಗೊತ್ತಾಗುವುದಿಲ್ಲವಾ?"

ಬೀಯಮ್ಮ ಮಗನ ಕಣ್ಣನ್ನು ನಂಬಲಿಲ್ಲ. ಬಿಳಿ ಕರವಸ್ತ್ರ ತೆಗೆದು, ತುದಿಯನ್ನು ನೀರಿಗೆ ಅದ್ದಿ, ಬಟ್ಟೆ ನೋಡುವ ಹಾಗೆಯೇ ಮೊದಲು ಹಳೆಯ ಹಾಳೆಯನ್ನು ತಿಕ್ಕಿದರು. ಮೂರು ದಿನವಾಗಿದ್ದರೂ ಕರವಸ್ತ್ರ ಕಪ್ಪಾಯಿತು. ಇನ್ನೊಂದು ತುದಿಯಿಂದ ಹೊಸದನ್ನು ತಿಕ್ಕಿದರು. ಬಿಳಿಯೇ ಉಳಿಯಿತು.

"ಮೊದಲಿನದ್ದು ಬಣ್ಣ ಬಿಡುವ ಮಾಲು," ಎಂದರು. "ಏನು ಹಾಕಿದ್ದೀ ಮೋಳೇ ಇದಕ್ಕೆ?" ಮಗಳನ್ನು ಕೇಳುವ ಹಾಗೆ ಕೇಳಿದರು.

ಸುಮ್ಮನೆ ನಕ್ಕಿದ್ದರೆ ಆಗುತ್ತಿತ್ತು. ಮಿಸ್ರಿಯಾಗೆ ಅದು ಬರುವುದಿಲ್ಲ.

"ಹಾಕಿದ್ದಲ್ಲ ಉಮ್ಮ, ತೆಗೆದದ್ದು. ಕಾಕನಿಗೆ ಕಪ್ಪು ಏರಿಸ್ತೇನೆ ಅಂತ ಮಾತ್ರ ಹೇಳಿದೆ. ಉಳಿದ ಮೂರು ಬಣ್ಣ ಇಳಿಸಿ, ಒಟ್ಟು ಮುನ್ನೂರ ಎಪ್ಪತ್ತೈದು ಇದ್ದದ್ದನ್ನು ಇನ್ನೂರ ಎಂಬತ್ತೆಂಟು ಮಾಡಿದ್ದನ್ನು ಹೇಳಲಿಲ್ಲ. ಸರ್ ಬೇಡ ಅಂದಿದ್ದರು."

ಜಯಪ್ರಕಾಶ್ ಆಗಲೇ ಹೊರಗೆ ಬಂದು ಮೇಜಿಗೆ ಮೊಣಕೈ ಊರಿ ನಿಂತಿದ್ದರು. "ಫೈಲ್ ಮುಟ್ಟಬೇಡ ಅಂದಿದ್ದೆನಲ್ಲ ನಾನು," ಎಂದು ಶುರುಮಾಡಿದರು.

"ಅವಳನ್ನು ಬೈಯುವ ಮೊದಲು ನಿಮ್ಮ ಅಂಗಿ ನೋಡಿಕೊಳ್ಳಿ," ಎಂದರು ಬೀಯಮ್ಮ.

ಹಳೆಯ ಹಾಳೆಯ ಮೇಲೆ ಊರಿದ್ದ ಮೊಣಕೈಯಲ್ಲಿ ಬುರ್ಖಾದ ಅರ್ಧ ತೋಳು ಮೂಡಿತ್ತು. ಜಯಪ್ರಕಾಶ್ ಅದನ್ನು ನೋಡಿದರು, ಸಾವಿರ ಪ್ರತಿಯ ಕಟ್ಟುಗಳನ್ನು ನೋಡಿದರು.

"ಮುಟ್ಟಬೇಡ ಅಂದರೆ ನೋಡಿಕೊಂಡು ಮುಟ್ಟು ಅಂತಲೇ ಅರ್ಥ," ಎಂದರು. ಜತ್ತಪ್ಪನಿಗೆ ಕೆಮ್ಮು ಬಂತು.

ಇಮ್ತಿಯಾಝ್ ಇಷ್ಟು ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. "ಅಂದರೆ ಇಳಿಸಿದಷ್ಟೂ ಕಪ್ಪು! ಹಾಗಾದರೆ ರಂಜಾನಿನ ಕ್ಯಾಟಲಾಗ್‌ಗೆ ಐವತ್ತು ಮಾಡುವ. ಒಟ್ಟು ಐವತ್ತು. ಅದಕ್ಕಿಂತ ಮೇಲೆ ಹೋಗಬಾರದು."

ಮಿಸ್ರಿಯಾ ತುಟಿ ಕಚ್ಚಿಕೊಂಡು ಯಜಮಾನರ ಮುಖ ನೋಡಿದಳು. ಜಯಪ್ರಕಾಶ್ ಮೊಣಕೈ ಒರೆಸಿಕೊಳ್ಳುತ್ತಾ ಒಳಗೆ ಹೊರಟಿದ್ದರು.

"ಅವರಿಗೆ ವಿವರಿಸು ಮಾರಾಯ್ತಿ," ಎಂದರು. "ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ."

ಮಿಸ್ರಿಯಾ ಒಂದು ಸ್ಟೂಲನ್ನು ಎಳೆದು ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದಳು.

"ಕೂತುಕೊಳ್ಳಿ ಕಾಕ," ಎಂದಳು. "ಸ್ವಲ್ಪ ಉದ್ದ ಉಂಟು."