ಮೂರು ಪಾಲು ಹಳೆಯದು, ಒಂದು ಪಾಲು ಹೊಸದು

ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ಹೇಳಿದರೆ ಸುಶೀಲಮ್ಮ, "ನನಗೆ ಬೆಳ್ಳಿಯೇ ಸಾಕಪ್ಪ, ಬಂಗಾರ ನೀವೇ ಇಟ್ಕೊಳ್ಳಿ" ಎನ್ನುತ್ತಿದ್ದರು. ಅರಸೀಕೆರೆಯಲ್ಲಿ ಅವರು ತರಕಾರಿಗೆ ಹೊರಟರೆ ಹೋಗಲು ಐದು ನಿಮಿಷ, ಬರಲು ಒಂದೂವರೆ ಗಂಟೆ. ಅಂಥವರು ಮಗನ ಜೊತೆ ಇರಲು ದೆಹಲಿಗೆ ಬಂದು ಎರಡು ವರ್ಷವಾಗಿತ್ತು. ಮಗ ಯಶವಂತ ಸೆಕ್ಷನ್ ಆಫೀಸರ್, ಆರ್.ಕೆ.ಪುರಂನಲ್ಲಿ ಎರಡನೆಯ ಮಹಡಿಯ ಸರ್ಕಾರಿ ಕ್ವಾರ್ಟರ್ಸ್. ಸೊಸೆ ಲಖನೌ ಕಡೆಯವಳು, ತುಂಬ ಒಳ್ಳೆಯವಳು. ಅತ್ತೆ ಒಂದು ಸಲ ಕೆಮ್ಮಿದರೆ ಶುಂಠಿ ಕಷಾಯ ಹಿಡಿದು ನಿಲ್ಲುವವಳು. ಆದರೆ ಅವಳ ಕನ್ನಡ 'ಊಟ ಆಯ್ತಾ'ದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು, ಇವರ ಹಿಂದಿ 'ಹಾಂ ಜೀ'ಯಲ್ಲಿ. ಹತ್ತು ವರ್ಷದ ಮೊಮ್ಮಗಳು ಕೃತಿಗೆ ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ, ಅದೂ ಓಡುತ್ತ ಓಡುತ್ತ. ಯಶವಂತನೋ, ಆಫೀಸಿನಿಂದ ಬಂದು ಟಿವಿ ಮುಂದೆ ಕೂತರೆ ಬಂಗಾರದ ಗಣಿ.

ಮಾರ್ಚ್ ಕೊನೆಯಲ್ಲಿ ಬಿಸಿಲು ಏರತೊಡಗಿದಾಗ ಅವನು ಬಾಲ್ಕನಿಯಲ್ಲಿದ್ದ, ಗಾಳಿ ತಂಪು ಮಾಡುವ ಕೂಲರ್ ಪೆಟ್ಟಿಗೆಯನ್ನು ತೊಳೆಯಲೆಂದು ಅದರ ಒಂದು ಬದಿಯ ಬಾಗಿಲು ಕಿತ್ತ. ಒಳಗೆ ಹೋದ ವರ್ಷದ ಒಣಹುಲ್ಲಿನ ಮೇಲೆ ಒಂದು ಬೆಕ್ಕಿನ ಮರಿ ಕೂತು ಅವನನ್ನೇ ನೋಡುತ್ತಿತ್ತು. ತಾಯಿ ಉಳಿದ ಮರಿಗಳನ್ನು ಎಲ್ಲಿಗೋ ಸಾಗಿಸಿ ಇದನ್ನು ಮರೆತಿತ್ತು. ಎರಡು ದಿನ ಕಾದರೂ ಬರಲಿಲ್ಲ. ಕೃತಿ ಅದಕ್ಕೆ ಕೂಲರ್ ಎಂದೇ ಹೆಸರಿಟ್ಟಳು. ಸುಶೀಲಮ್ಮ ಮೊಸರನ್ನವನ್ನು ನುಣ್ಣಗೆ ಕಿವುಚಿ ಬೆರಳ ತುದಿಯಲ್ಲಿ ಹಿಡಿದರು. ಕೂಲರ್ ಬೆರಳನ್ನೂ ಸೇರಿಸಿ ನೆಕ್ಕಿತು.

ಆದರೆ ಬೆಕ್ಕು ಮನೆಗೆ ಬಂದ ಮೂರನೆಯ ದಿನದಿಂದ ಕೃತಿಗೆ ಸೀನು ಹತ್ತಿತು, ಆಮೇಲೆ ಉಬ್ಬಸ. "ಅಜ್ಜಿ, ಪ್ಲೀಸ್, ಇದನ್ನ ಕಿಸೀ ಕೋ ಮತ್ ದೇನಾ" ಎಂದು, ಯಾರಿಗೂ ಕೊಡಬೇಡವೆಂದು ಅವಳು ಸೀನಿನ ನಡುವೆಯೇ ಅತ್ತಳು. ಯಶವಂತ ಕೂಲರನ್ನು ಬಾಲ್ಕನಿಗೆ ಸೀಮಿತಗೊಳಿಸಿ, ಆಫೀಸಿನಲ್ಲಿ ಯಾರಿಗಾದರೂ ಬೆಕ್ಕು ಬೇಕೇ ಎಂದು ವಿಚಾರಿಸಿದ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹಾಸನದ ಹುಡುಗಿ ಶ್ರೀವಿದ್ಯಾ ಕೈ ಎತ್ತಿದಳು.

ಅವಳು ಮುಂದಿನ ಭಾನುವಾರವೇ ಒಂದು ಬೆತ್ತದ ಬುಟ್ಟಿ, ಬೆಕ್ಕಿನ ಮರಿಗಳಿಗೆಂದೇ ಮಾಡಿದ ಆಹಾರದ ಪೊಟ್ಟಣ ಹಿಡಿದು ಬಂದಳು. ಲೋಧಿ ಕಾಲೋನಿಯಲ್ಲಿ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಪೊಟ್ಟಣ ಬಿಚ್ಚಿದ್ದೇ ತಡ, ಕೂಲರ್ ಹಿಂದೆ ಮುಂದೆ ನೋಡದೆ ಒಂದು ಬಟ್ಟಲು ಮುಗಿಸಿತು. ಒಂದು ಗಂಟೆಯೊಳಗೆ ಬಾಲ್ಕನಿಯನ್ನೆಲ್ಲ ಕೆಡಿಸಿ ಮೂಲೆ ಹಿಡಿಯಿತು.

ಮಾರ್ಕೆಟ್ ಹಿಂದಿನ ಪ್ರಾಣಿ ವೈದ್ಯರು ವಯಸ್ಸಾದ ಸರ್ದಾರ್ಜಿ. ಮರಿಯ ಹೊಟ್ಟೆ ಒತ್ತಿ ನೋಡಿ ಹಿಂದಿಯಲ್ಲಿ ಗದರಿದರು. ಒಂದೇ ಸಲ ಊಟ ಬದಲಾಯಿಸುವುದುಂಟೇ? ಮೂರು ಪಾಲು ಹಳೆಯದು, ಒಂದು ಪಾಲು ಹೊಸದು. ಎರಡು ಮೂರು ದಿನ ನೋಡಿ. ಗಟ್ಟಿಯಾದರೆ ಅರ್ಧ ಅರ್ಧ. ಆಮೇಲೆ ಒಂದು ಪಾಲು ಹಳೆಯದು, ಮೂರು ಪಾಲು ಹೊಸದು. ಎಲ್ಲ ಸೇರಿ ಹತ್ತು ದಿನ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪವೇ. ಕುಡಿಯಲು ನೀರು. "ಔರ್ ದೂಧ್ ಬಿಲ್ಕುಲ್ ನಹೀಂ" ಎಂದು ಬೆರಳು ಆಡಿಸಿದರು. ಬೆಕ್ಕಿಗೆ ಹಾಲು ಕೂಡದು ಎಂಬುದನ್ನು ಸುಶೀಲಮ್ಮ ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಕೇಳಿದರು.

"ನಾನು ಬೆಳಗ್ಗೆ ಒಂಬತ್ತಕ್ಕೆ ಹೋದ್ರೆ ಸಂಜೆ ಏಳಕ್ಕೆ ಬರೋದು. ನಾಲ್ಕು ಸಲ ಹೇಗಮ್ಮ ಹಾಕ್ಲಿ?" ಎಂದು ಶ್ರೀವಿದ್ಯಾ ಮುಖ ಸಣ್ಣ ಮಾಡಿದಳು.

"ನಾನಿಲ್ವಾ? ಹೊಟ್ಟೆ ಹೊಂದ್ಕೊಳ್ಳೋವರೆಗೂ ಇಲ್ಲೇ ಇರ್ಲಿ. ನೀನು ಭಾನುವಾರ ಬಂದು ನೋಡು. ಹುಷಾರಾಗಿದ್ರೆ ಕರ್ಕೊಂಡು ಹೋಗು."

ಸುಶೀಲಮ್ಮ ಈ ಕೆಲಸಕ್ಕೆ ಸೆರಗು ಸಿಕ್ಕಿಸಿ ನಿಂತರು. ಪೊಟ್ಟಣದಲ್ಲಿ ಮೀನು ಇದೆಯೆಂದು ಅದಕ್ಕೊಂದು ಬೇರೆ ಚಮಚ, ಬೇರೆ ಬಟ್ಟಲು, ಎರಡೂ ಬಾಲ್ಕನಿಯಲ್ಲೇ. ಮೂರು ಚಮಚ ಮೊಸರನ್ನ, ಒಂದು ಚಮಚ ಮೀನಿನ ಪುಡಿ, ಮೂಗಿಗೆ ಸೆರಗು. ದಿನಕ್ಕೆ ನಾಲ್ಕು ಹೊತ್ತು ತಪ್ಪಿಸಲಿಲ್ಲ. ಅದರ ಕಕ್ಕವನ್ನು ಅವರು ನೋಡುತ್ತಿದ್ದ ಗಮನಕ್ಕೆ ಸ್ವಂತ ಮಗನೂ ಪಾತ್ರನಾಗಿರಲಿಲ್ಲ. ಸ್ನಾನಕ್ಕೆ ಹೊರಟವನನ್ನು ನಿಲ್ಲಿಸಿ, "ಇವತ್ತು ಗಟ್ಟಿಯಾಗಿದೆ ಕಣೋ" ಎಂದು ಹೇಳುವರು. ಅವನು, "ಅಚ್ಛಾ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವನು.

ಭಾನುವಾರ ಶ್ರೀವಿದ್ಯಾ ಹನ್ನೊಂದಕ್ಕೆ ಬಂದಳು. ಹತ್ತು ನಿಮಿಷ ಬೆಕ್ಕು ನೋಡಿದಳು. ಆಮೇಲೆ ಸುಶೀಲಮ್ಮ ಕಾಫಿ ಕೊಟ್ಟು, "ಹಾಸನದಲ್ಲಿ ಯಾವ ಕಡೆ?" ಎಂದು ಕೇಳಿದರು. ಅಷ್ಟೇ. ಹುಡುಗಿ ಎದ್ದಾಗ ಸಂಜೆ ಐದು. ನಡುವೆ ಊಟವಾಯಿತು, ಎರಡು ಸಲ ಕಾಫಿಯಾಯಿತು, ಅರಸೀಕೆರೆ ಸ್ಟೇಷನ್ನಿನ ಇಡ್ಲಿ, ಶ್ರೀವಿದ್ಯಾಳ ಸೋದರತ್ತೆಯ ಜಿಪುಣತನ, ತಪ್ಪಿಹೋದ ಒಂದು ಮದುವೆ ಎಲ್ಲವೂ ಆಯಿತು. ಹುಡುಗಿ ಸುಮ್ಮನೆ ಹೂಂಗುಟ್ಟುವ ಪೈಕಿಯಲ್ಲ. ನಡುವೆ ಬಾಯಿ ಹಾಕಿ ಕಿತ್ತಾಡುತ್ತಿದ್ದಳು, ನಕ್ಕು ನೀರು ನೆತ್ತಿಗೇರಿಸಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಸುಶೀಲಮ್ಮನಿಗೆ ಗಂಟಲು ನೋಯುತ್ತಿತ್ತು. ಎರಡು ವರ್ಷದಲ್ಲಿ ಇಷ್ಟು ಸುಖವಾದ ನೋವು ಅವರಿಗೆ ಬಂದಿರಲಿಲ್ಲ.

ಆ ವಾರ ಕೂಲರ್ ಅರ್ಧ ಅರ್ಧಕ್ಕೆ ಬಂತು. ಶುಕ್ರವಾರಕ್ಕೆ ಒಂದು ಪಾಲು ಹಳೆಯದು, ಮೂರು ಪಾಲು ಹೊಸದು. ಹೊಟ್ಟೆ ಕಲ್ಲಿನಂತೆ ನಿಂತಿತ್ತು. ಶನಿವಾರ ಮಧ್ಯಾಹ್ನ ಸುಶೀಲಮ್ಮ ಬಾಲ್ಕನಿಯಲ್ಲಿ ಕೂತು ಲೆಕ್ಕ ಹಾಕಿದರು. ನಾಳೆ ಅವಳು ಬರುತ್ತಾಳೆ, ಬುಟ್ಟಿಗೆ ಬೆಕ್ಕು ಹಾಕಿಕೊಳ್ಳುತ್ತಾಳೆ, ಥ್ಯಾಂಕ್ಸ್ ಅಮ್ಮ ಎನ್ನುತ್ತಾಳೆ. ಮತ್ತೆ ಯಾಕೆ ಬಂದಾಳು? ಯಶವಂತನ ಕೈಕೆಳಗೆ ಕೆಲಸ ಮಾಡುವ ಹುಡುಗಿ, ಅವಳಿಗೆ ಅವಳದೇ ಗೆಳತಿಯರು. ಮುದುಕಿಯ ಹರಟೆ ಕೇಳಲು ಬಸ್ಸು ಹತ್ತಿ ಬರುವವರುಂಟೇ?

ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎಂಬ ಗಾದೆಯನ್ನು ಸುಶೀಲಮ್ಮ ಜೀವಮಾನದಲ್ಲಿ ಎಷ್ಟು ಜನಕ್ಕೆ ಹೇಳಿದ್ದರೋ. ಅವತ್ತು ಬೆಕ್ಕು ಕಣ್ಣು ತೆರೆದೇ ಕುಡಿಯಿತು. ಕಣ್ಣು ಮುಚ್ಚಿಕೊಂಡವರು ಸುಶೀಲಮ್ಮ.

ಒಂದು ಮುಚ್ಚಳ ಹಾಲು, ಅಷ್ಟೇ. ಭಾನುವಾರ ಬೆಳಗ್ಗೆ ಹೊಟ್ಟೆ ನೀರಾಗಿತ್ತು.

"ಅಯ್ಯೋ ಪಾಪ, ಇನ್ನೊಂದು ವಾರ ಇರ್ಲಿ ಬಿಡಿ ಅಮ್ಮ" ಎಂದಳು ಶ್ರೀವಿದ್ಯಾ. ಅವತ್ತು ಬಿಸಿಬೇಳೆ ಬಾತ್ ಮಾಡಿದ್ದರು. ಅವಳು ಆರು ಗಂಟೆಯವರೆಗೆ ಇದ್ದಳು.

ಸರ್ಕಾರಿ ನೌಕರಿಯಲ್ಲಿ ಒಂದು ಸಲ ಎಕ್ಸ್‌ಟೆನ್ಷನ್ ಸಿಕ್ಕವನು ಎರಡನೆಯದಕ್ಕೂ ಅರ್ಜಿ ಹಾಕುತ್ತಾನೆಂದು ಯಶವಂತ ನಗುತ್ತಿದ್ದುದುಂಟು. ಮುಂದಿನ ಶನಿವಾರ ಇನ್ನೊಂದು ಮುಚ್ಚಳ ಹಾಲು ಹೋಯಿತು. ಇದೇ ಕೊನೆ ಎಂದು ದೇವರ ಫೋಟೋ ಕಡೆ ನೋಡದೆ ಹೇಳಿಕೊಂಡರು. ಆದರೆ ಅದು ಕೊನೆಯಾಗಲಿಲ್ಲ, ಅದರ ಮುಂದಿನ ಶನಿವಾರವೂ ಹಾಲು ಹೋಯಿತು.

ಏಪ್ರಿಲ್ ಕೊನೆಯ ಆ ಭಾನುವಾರ ಕೂಲರ್ ಏಳಲಿಲ್ಲ. ಬೆಳಗಿನಿಂದ ಐದು ಸಲ ಭೇದಿಯಾಗಿತ್ತು. ಕುತ್ತಿಗೆ ಎತ್ತಲಾರದೆ, ಬೆರಳು ಒಡ್ಡಿದರೂ ನೆಕ್ಕದೆ ಮಲಗಿತ್ತು. ಶ್ರೀವಿದ್ಯಾ ಬಾಗಿಲಲ್ಲೇ ಚಪ್ಪಲಿ ಬಿಡದೆ ಅದನ್ನು ಎತ್ತಿಕೊಂಡಳು. ಇಬ್ಬರೂ ಸರ್ದಾರ್ಜಿ ಬಳಿಗೆ ಓಡಿದರು.

ಅವರು ಮರಿಯ ಬೆನ್ನ ಚರ್ಮ ಹಿಡಿದೆತ್ತಿ ಸೂಜಿಯಲ್ಲಿ ಸಲೈನ್ ಕೊಟ್ಟರು. ಬೆನ್ನ ಮೇಲೆ ಒಂದು ಸಣ್ಣ ಗಂಟು ಎದ್ದಿತು. ಆಮೇಲೆ ಕನ್ನಡಕ ತೆಗೆದು, "ದೂಧ್ ಕಿಸ್ನೇ ದಿಯಾ?" ಎಂದು, ಹಾಲು ಕೊಟ್ಟವರು ಯಾರೆಂದು ಕೇಳಿದರು.

"ನಹೀಂ ಡಾಕ್ಟರ್ ಸಾಬ್, ಯಾರೂ..." ಎಂದು ಶ್ರೀವಿದ್ಯಾ ಎರಡು ಭಾಷೆಯಲ್ಲಿ ತಡವರಿಸಿದಳು.

"ನಾನೇ" ಎಂದರು ಸುಶೀಲಮ್ಮ.

"ನೀವಾ? ಗೊತ್ತಿಲ್ದೆ ಕೊಟ್ರಾ?"

ಗೊತ್ತಿಲ್ಲದೆ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಹುಡುಗಿಯೇ ಬಾಗಿಲು ತೆರೆದು ಹಿಡಿದಿದ್ದಳು. ಆದರೆ ಮೇಜಿನ ಮೇಲೆ ಆ ಗಂಟು ಕಾಣುತ್ತಿತ್ತು. "ಗೊತ್ತಿದ್ದೇ ಕೊಟ್ಟೆ. ಮೂರು ಶನಿವಾರ. ಇದು ಹುಷಾರಾದ್ರೆ ನೀನು ಬರಲ್ವಲ್ಲಾ ಅಂತ."

ಶ್ರೀವಿದ್ಯಾ ಅವರ ಮುಖವನ್ನೇ ನೋಡಿದಳು. ಏನೂ ಅನ್ನಲಿಲ್ಲ. ಮಾತು ಇಲ್ಲದಿರುವುದು ಎಷ್ಟು ಭಾರ ಎಂದು ಸುಶೀಲಮ್ಮನಿಗೆ ಹೊಸದಾಗಿ ಗೊತ್ತಾಗಬೇಕಿರಲಿಲ್ಲ, ಆದರೂ ಇದು ಬೇರೆ ತೂಕದ್ದು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಅಂಗೈಯಷ್ಟು ಜೀವಕ್ಕೆ ನೋವು ಕೊಟ್ಟು ತಾವು ಬಿಸಿಬೇಳೆ ಬಾತ್ ಬಡಿಸಿದ್ದರು.

ಕೂಲರ್ ಬದುಕಿತು. ಮಂಗಳವಾರ ಸಂಜೆಗೆ ಬಾಲ ಹಿಡಿಯಲು ಸುತ್ತುವಷ್ಟು ಚೇತರಿಸಿಕೊಂಡಿತು. ಅವತ್ತೇ ಶ್ರೀವಿದ್ಯಾ ಆಫೀಸಿನಿಂದ ನೇರ ಬಂದು ಬುಟ್ಟಿಗೆ ಹಾಕಿಕೊಂಡಳು. ಕಾಫಿ ಬೇಡವೆಂದಳು. ಸುಶೀಲಮ್ಮ ಡಬ್ಬಿಯಲ್ಲಿ ಮೊಸರನ್ನ ಕಲಸಿಟ್ಟಿದ್ದರು. "ಇನ್ನೂ ಅರ್ಧ ಅರ್ಧದಲ್ಲಿದೆ, ಇದನ್ನ ಬೆರೆಸಿ..." ಎನ್ನುವಷ್ಟರಲ್ಲಿ ಅವಳು, "ಬೇಡ, ನಾನು ನೋಡ್ಕೋತೀನಿ" ಎಂದು ಮೆಟ್ಟಿಲು ಇಳಿದಳು. ಡಬ್ಬಿ ಕೈಯಲ್ಲೇ ಉಳಿಯಿತು.

ಆ ಭಾನುವಾರ ಸೊಸೆಯ ಅಣ್ಣನ ಮನೆಯಲ್ಲಿ, ಘಾಜಿಯಾಬಾದಿನಲ್ಲಿ ಊಟ. ಎಲ್ಲರೂ ಹೋದರು. ಸುಶೀಲಮ್ಮ ಮಂಡಿ ನೋವೆಂದು ಉಳಿದರು. ಮಂಡಿಗೆ ಏನೂ ಆಗಿರಲಿಲ್ಲ. ಹನ್ನೊಂದು ಗಂಟೆಗೆ ಬಾಗಿಲು ತೆರೆದಿಟ್ಟುಕೊಂಡು ಕೂತರು, ಹನ್ನೆರಡಕ್ಕೆ ಮುಚ್ಚಿದರು. ಹನ್ನೆರಡೂಕಾಲಿಗೆ ಫೋನು ಹೊಡೆದುಕೊಂಡಿತು.

"ಅಮ್ಮ, ನಾನು ಶ್ರೀವಿದ್ಯಾ." ದನಿ ತಗ್ಗಿತ್ತು. "ಕೂಲರ್‌ಗೆ ಮತ್ತೆ ಹೊಟ್ಟೆ ಕೆಟ್ಟಿದೆ. ನಿನ್ನೆಯಿಂದ. ಓಡಾಡ್ತಿದೆ, ಆದ್ರೆ ಏನೂ ತಿಂತಿಲ್ಲ. ಡಾಕ್ಟರ್ ಫೋನ್ ಎತ್ತುತ್ತಿಲ್ಲ."

"ಹಾಲು ಕೊಟ್ಯಾ?"

"ಇಲ್ಲಮ್ಮ! ಬರೀ ಪೊಟ್ಟಣದ್ದೇ ಹಾಕ್ದೆ. ಮಂಗಳವಾರದಿಂದ."

"ಮೊಸರನ್ನ?"

"ನಿಮ್ಮದು ಏನೂ ಬೇಡ ಅನ್ನಿಸ್ತು."

"ಒಳ್ಳೇ ಹುಡುಗಿ ಕಣೆ. ನನ್ನ ಮೇಲಿನ ಸಿಟ್ಟು ಅದರ ಹೊಟ್ಟೆ ಮೇಲಾ?" ಎಂದು ಸುಶೀಲಮ್ಮ ಗದರಿಯೇಬಿಟ್ಟರು. ಗದರುವ ಅಧಿಕಾರ ತಮಗಿದೆಯೇ ಎಂದು ಆಮೇಲೆ ಹೊಳೆಯಿತು. "ವಿಳಾಸ ಹೇಳು."

ಬ್ಲಾಕ್ ಹದಿನೇಳು ಎಂದು ಬರೆದುಕೊಂಡರು. ಅನ್ನವನ್ನು ಬೆಣ್ಣೆಯ ಹಾಗೆ ಕಿವುಚಿ ಮೊಸರು ಕಲಸಿ ಡಬ್ಬಿಗೆ ಹಾಕಿದರು. ಬೀಗ ಹಾಕಿ ಕೆಳಗಿಳಿದಾಗ ನೆನಪಾಯಿತು, ಎರಡು ವರ್ಷದಲ್ಲಿ ಒಬ್ಬರೇ ಮಾರ್ಕೆಟ್ ದಾಟಿ ಹೋದದ್ದಿಲ್ಲ. ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಆಟೋ ನಿಂತಿತು.

"ಕಹಾಂ ಜಾನಾ ಹೈ, ಮಾತಾಜಿ?"

"ಲೋಧಿ ಕಾಲೋನಿ. ಬ್ಲಾಕ್ ಸತ್ರಾ. ಬಿಲ್ಲಿ ಭಯ್ಯಾ, ಬಿಲ್ಲಿ. ಹೊಟ್ಟೆ ಖರಾಬ್."

"ಪೇಟ್?"

"ಹಾಂ ಜೀ, ಪೇಟ್!"

ಆಟೋದವನು ಗಂಭೀರವಾಗಿ ತಲೆಯಾಡಿಸಿದ. ಊರಲ್ಲಿ ಅವನ ಎಮ್ಮೆಗೂ ಹೀಗೇ ಆಗಿತ್ತಂತೆ, ಹೊಸ ಹಿಂಡಿ ಹಾಕಿದಾಗ. ದಾರಿಯುದ್ದಕ್ಕೂ ಅವನು ಹಿಂದಿಯಲ್ಲಿ ಎಮ್ಮೆಯ ಕಥೆ ಹೇಳಿದ. ಸುಶೀಲಮ್ಮ ಕನ್ನಡದಲ್ಲಿ, ಒಂದೇ ಸಲ ಬದಲಾಯಿಸಬಾರದಪ್ಪ, ಮೂರು ಪಾಲು ಹಳೆಯದು ಇರಬೇಕು ಎಂದು ತಿಳಿಹೇಳಿದರು. ಸಫ್ದರ್‌ಜಂಗ್ ದಾಟುವ ಹೊತ್ತಿಗೆ ಇಬ್ಬರಿಗೂ ಪೂರ್ತಿ ಒಮ್ಮತವಾಗಿತ್ತು.

ಶ್ರೀವಿದ್ಯಾ ಬೇವಿನ ಮರದ ಕೆಳಗೆ ನಿಂತು ಕಾಯುತ್ತಿದ್ದಳು. "ಒಬ್ರೇ ಬಂದ್ರಾ?" ಎಂದಳು. ಸುಶೀಲಮ್ಮ ಉತ್ತರ ಕೊಡದೆ ನೇರ ಬೆಕ್ಕಿನ ಬಳಿ ಕೂತರು. ಮೂರು ಚಮಚ ಮೊಸರನ್ನ, ಒಂದು ಚಮಚ ಪೊಟ್ಟಣದ್ದು. ಅವಸರದಲ್ಲಿ ಬೇರೆ ಚಮಚ ಕೇಳುವುದು ಮರೆತೇಹೋಯಿತು. ಬೆರಳ ತುದಿಯಲ್ಲಿ ಹಿಡಿದರು. ಕೂಲರ್ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ಆಮೇಲೆ ಬೆರಳನ್ನೂ ಸೇರಿಸಿ ನೆಕ್ಕಿತು. ಸುಶೀಲಮ್ಮನ ಕಣ್ಣು ತುಂಬಿ ಬಂತು.

"ತಪ್ಪಾಯ್ತು ಕಣೆ" ಎಂದರು ಬೆಕ್ಕಿಗೆ. ಹುಡುಗಿಗೂ ಕೇಳಿಸಿತು.

ಅವಳು ಪಕ್ಕದಲ್ಲಿ ಕೂತಳು. ಬೆಕ್ಕು ತಿಂದು, ಮೀಸೆ ಒರೆಸಿಕೊಂಡು, ಇಬ್ಬರ ನಡುವೆ ಮಲಗಿತು.

"ಡಾಕ್ಟರ್ ಎಷ್ಟು ದಿನ ಅಂದಿದ್ರು?" ಎಂದು ಹುಡುಗಿ ಕೇಳಿದಳು.

"ಹತ್ತು ದಿನ. ಡಬ್ಬಿ ಯಶವಂತನ ಕೈಲಿ ದಿನಾ ಆಫೀಸಿಗೆ ಕಳಿಸ್ತೀನಿ. ನಾನು ಬರಲ್ಲ."

"ಅಮ್ಮ, ನನಗೆ ಒಂದು ವಿಷಯ ಅರ್ಥ ಆಗಿಲ್ಲ" ಎಂದಳು ಶ್ರೀವಿದ್ಯಾ. "ಇಡೀ ಅರಸೀಕೆರೆ ಬಗ್ಗೆ ಮಾತಾಡಿದ್ರಿ. ನಮ್ಮತ್ತೆ ಬಗ್ಗೆ ನನಗಿಂತ ಜಾಸ್ತಿ ಮಾತಾಡಿದ್ರಿ. 'ಬೆಕ್ಕು ಇಲ್ದಿದ್ರೂ ಬಾರೇ' ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತು? ಈ ರೂಮಲ್ಲಿ ಭಾನುವಾರ ನಾನು ಯಾರ ಹತ್ರ ಮಾತಾಡ್ತೀನಿ ಅಂದ್ಕೊಂಡಿದ್ರಿ?"

ಸುಶೀಲಮ್ಮ ಬಾಯಿ ತೆರೆದರು. ಹೌದಲ್ಲ. ಜೀವಮಾನವಿಡೀ ಬಾಯಿಗೆ ಬಿಡುವು ಕೊಟ್ಟವರಲ್ಲ, ಈ ಒಂದು ಮಾತು ಮಾತ್ರ ಎಲ್ಲಿ ಅಡಗಿತ್ತೋ. ಈಗಲೂ ಅದು ಬರಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

"ಮುಂದಿನ ಭಾನುವಾರ ಊಟಕ್ಕೆ ಬಾರೇ."

"ಏನಡುಗೆ?"

"ಏನಾದ್ರೂ ಮಾಡ್ತೀನಿ" ಎಂದು ಸುಶೀಲಮ್ಮ ಮೂಗು ಒರೆಸಿಕೊಂಡರು. "ಹಾಲು ಹಾಕಿದ್ದು ಮಾತ್ರ ಏನೂ ಮಾಡಲ್ಲ."